ಗಾಳಿ ತುಂಬುವ ಹಲಗೆ, ಹತ್ತು ದಿನದ ಗಡುವು

ನನ್ನ ಮಗಳು ಆನ್‌ಲೈನ್‌ನಲ್ಲಿ ಗಾಳಿ ತುಂಬುವ ಒಂದು ಹಲಗೆ ತರಿಸಿದಳು. ನೀರಿನ ಮೇಲೆ ತೇಲಿಬಿಟ್ಟು, ಅದರ ಮೇಲೆ ನಿಂತುಕೊಂಡು, ಉದ್ದನೆಯ ಹುಟ್ಟು ಹಾಕುತ್ತಾ ಹೋಗುವುದು. ಪ್ಯಾಡಲ್ ಬೋರ್ಡ್ ಎಂದು ಹೆಸರು. ದೊಡ್ಡ ಕಂಪನಿಯದ್ದಾದರೆ ಇದರ ಮೂರು ಪಟ್ಟು ಬೆಲೆಯಂತೆ. ಇವಳದ್ದು ಹೊಸಬರಿಗೆಂದೇ ಮಾಡಿದ ಅಗ್ಗದ ಮಾಲು. ಹತ್ತು ದಿನದೊಳಗೆ ಬೇಡವೆನಿಸಿದರೆ ವಾಪಸು ಕಳಿಸಬಹುದಿತ್ತು. ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ನೀರಿನ ವಿಷಯ ಬಲ್ಲವನು ನಾನೊಬ್ಬನೇ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು.

ನನಗೆ ಈಜು ಬರುವುದಿಲ್ಲ. ಸೊಂಟದ ಮೇಲೆ ನೀರು ಬಂದರೆ ಉಸಿರು ಕಟ್ಟಿದಂತಾಗುತ್ತದೆ.

ಇದು ಹೇಗಾಯಿತೆಂದು ಹೇಳಿಬಿಡುತ್ತೇನೆ. ಉಡುಪಿ ಕಡೆಯವನು ಎಂದ ಕೂಡಲೇ ಮುಂಬೈಯವರ ಕಣ್ಣಿಗೆ ಕಡಲು ಕಾಣುತ್ತದೆ. ನಮ್ಮ ಊರಿನಿಂದ ಕಡಲು ನೋಡಬೇಕಾದರೆ ಎರಡು ಬಸ್ಸು ಬದಲಿಸಬೇಕಿತ್ತು. ಊರಿನ ಹೊಳೆಯಲ್ಲಿ ಬೇಸಿಗೆಯಲ್ಲಿ ಎಮ್ಮೆ ಮಲಗಿದರೂ ಬೆನ್ನು ಒದ್ದೆಯಾಗುತ್ತಿರಲಿಲ್ಲ, ಮಳೆಗಾಲದಲ್ಲಿ ಅದರ ಹತ್ತಿರ ಸುಳಿದರೆ ಅಮ್ಮ ಬೆತ್ತ ಹಿಡಿಯುತ್ತಿದ್ದಳು. ಹದಿನೇಳನೆಯ ವಯಸ್ಸಿಗೆ ಮುಂಬೈಯ ಬೈಕುಲ್ಲಾದ ಹೋಟೆಲೊಂದಕ್ಕೆ ಕೆಲಸಕ್ಕೆ ಬಂದೆ. ಚಹಾ ಕುಡಿಯಲು ಬರುತ್ತಿದ್ದ ಮಾರ್ಕೆಟ್ಟಿನವರು "ತುಮ್ ಲೋಗ್ ತೋ ಸಮುಂದರ್ ವಾಲೇ" ಎನ್ನುತ್ತಿದ್ದರು. ಮೊದಲ ತಿಂಗಳು ನಾನು ಕಡಲಿನವನಲ್ಲ ಎಂದು ವಿವರಿಸಿದೆ. ಆಮೇಲೆ ನಕ್ಕು ಸುಮ್ಮನಾದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಹೌದು ಎನ್ನತೊಡಗಿದೆ. ಮಗಳು ಹುಟ್ಟಿದ ಮೇಲೆ ಅವಳಿಗೆ ಊಟ ಮಾಡಿಸಲು ಒಂದು ಕತೆ ಬೇಕಿತ್ತು. ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ನೆರೆ ಬಂದ ಹೊಳೆ ಈಜಿ ಶಾಲೆಗೆ ಹೋಗುತ್ತಿದ್ದ ಹುಡುಗ ನಾನೇ ಆದೆ. ವರ್ಷದಿಂದ ವರ್ಷಕ್ಕೆ ಆ ಹೊಳೆ ಅಗಲವಾಯಿತು. ಪುಣ್ಯಕ್ಕೆ ಮೊಸಳೆ ಸೇರಿಸಿರಲಿಲ್ಲ.

ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಜುಹೂಗೆ ಹೋಗಿದ್ದಾಗ ನಾನು ಪಾದ ಒದ್ದೆ ಮಾಡಿಕೊಂಡು ವಾಪಸು ಓಡಿ ಬಂದದ್ದನ್ನು ಅವಳು ನೋಡಿದ್ದಳು. ಹಲಗೆಯ ಪೆಟ್ಟಿಗೆ ಮನೆಗೆ ಬಂದ ದಿನ ಅಡುಗೆಮನೆಗೆ ಕರೆದು, "ನಾನು ಹೇಳುವುದಿಲ್ಲ. ನೀವೇ ಹೇಳಿ. ಅವಳು ನೀರಿಗೆ ಇಳಿಯುವ ಮೊದಲು ಹೇಳಿ" ಎಂದಳು. ಆಗಲಿ ಎಂದೆ. ಇನ್ನೂ ಹತ್ತು ದಿನವಿತ್ತಲ್ಲ.

ಹೋಟೆಲಿನವನಿಗೆ ಹೊಸ ಸಾಮಾನೆಂದರೆ ಮೊದಲು ಅನುಮಾನ. ಮಲಾಡ್‌ನ ನನ್ನ ಹೋಟೆಲಿಗೆ ಹೊಸ ಗ್ರೈಂಡರ್ ಬಂದರೆ ಮೂರು ದಿನ ಉದ್ದು ರುಬ್ಬಿಸಿ, ಮೋಟಾರಿನ ಮೇಲೆ ಕೈಯಿಟ್ಟು ಬಿಸಿ ನೋಡಿ, ಆಮೇಲೆಯೇ ಹಳೆಯದನ್ನು ಹೊರಗೆ ಹಾಕಿಸುವುದು. ಹಲಗೆಗೂ ಅದೇ ನ್ಯಾಯ. ಬೊರಿವಲಿಯ ನಮ್ಮ ಹಾಲ್‌ನಲ್ಲಿ ಅದನ್ನು ಬಿಡಿಸಿದರೆ ಟೀಪಾಯಿ ಬಾಲ್ಕನಿಗೆ ಹೋಗಬೇಕಾಯಿತು. ಹತ್ತೂವರೆ ಅಡಿಯ ಉದ್ದ ಮೂಲೆಯಿಂದ ಮೂಲೆಗೆ ಮಾತ್ರ ಹಿಡಿಸಿತು. ಟೇಪ್ ಹಿಡಿದು ಅಳೆದೆ: ಅಗಲ ಜಾಹೀರಾತಿನಲ್ಲಿ ಹೇಳಿದ್ದಕ್ಕಿಂತ ಅರ್ಧ ಇಂಚು ಕಡಿಮೆ. ಅಂಚಿನ ಅಂಟು ಒಂದೆರಡು ಕಡೆ ಸುಕ್ಕುಗಟ್ಟಿತ್ತು, ಎದ್ದಿರಲಿಲ್ಲ. ವಾಸನೆ ಹೊಸ ಗ್ಯಾಸ್ ಪೈಪಿನದ್ದು. ಬೆನ್ನಿಗೆ ಹಾಕುವ ಚೀಲದ ಝಿಪ್ ನೋಡಿದರೆ ಒಂದು ವರ್ಷ ಬಾಳಿದರೆ ಹೆಚ್ಚು ಅನ್ನಿಸಿತು.

ಗಾಳಿ ತುಂಬುವುದು ಕೈಪಂಪಿನಿಂದ. ಅರ್ಧದವರೆಗೆ ಸಲೀಸು, ಆಮೇಲೆ ಪಂಪಿನ ಮೇಲೆ ಮೈಭಾರ ಹಾಕಿ ಒತ್ತಬೇಕು. ಒತ್ತಡ ತೋರಿಸುವ ಮುಳ್ಳು ಎಷ್ಟೋ ಹೊತ್ತು ಸೊನ್ನೆ ಬಿಟ್ಟು ಅಲುಗಲಿಲ್ಲ. ಕೆಟ್ಟದ್ದು ಕಳಿಸಿದ್ದಾರೆ, ಕಳ್ಳರು ಎಂದು ಬೈದೆ. ಮಗಳು ಪೆಟ್ಟಿಗೆಯಲ್ಲಿ ಬಂದ ಕಾಗದ ಓದಿ, "ಅಪ್ಪ, ಸ್ಟಾರ್ಟಿಂಗ್‌ನಲ್ಲಿ ಹಾಗೇ ಇರ್ತದೆ ಅಂತೆ, ಚಲಾತೇ ರಹೋ" ಎಂದಳು. ನಿಜ, ಒತ್ತುತ್ತಲೇ ಇದ್ದು ಸ್ವಲ್ಪ ಗಟ್ಟಿಯಾದ ಮೇಲೆ ಮುಳ್ಳು ಎದ್ದಿತು. ತುಂಬಿದ ಮೇಲೆ ಪೈಪು ಬಿಚ್ಚಿದೆ. ಕವಾಟದ ನಡುವಿನ ಗುಂಡಿ ಒಳಗೆ ಒತ್ತಿಕೊಂಡೇ ಇದ್ದದ್ದರಿಂದ ಅಷ್ಟೂ ಗಾಳಿ ಒಂದೇ ಸಲ ಭುಸ್ಸೆಂದು ಹೊರಗೆ ಬಂತು. ಪಕ್ಕದ ಮನೆಯವರು ಸಿಲಿಂಡರ್ ಲೀಕ್ ಎಂದು ಬಾಗಿಲು ಬಡಿದರು. ಹೊಸಬರು ಆ ಗುಂಡಿ ಮೇಲೆದ್ದಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ನನ್ನ ಹಾಗೆ ಎರಡು ಸಲ ಬೆವರು ಹರಿಸುವುದು ತಪ್ಪುತ್ತದೆ.

ಎರಡನೆಯ ಸಲ ತುಂಬಿ, ಎರಡು ಸ್ಟೂಲುಗಳ ಮೇಲೆ ಹಲಗೆ ಮಲಗಿಸಿ, ನಡುವೆ ಇಪ್ಪತ್ತೈದು ಕಿಲೋದ ಮೂರು ಅಕ್ಕಿ ಚೀಲ ಇಟ್ಟೆ. ಮಗಳ ತೂಕಕ್ಕಿಂತ ಇದು ಜಾಸ್ತಿಯೇ. ಮುಳ್ಳು ಹತ್ತರಲ್ಲಿದ್ದಾಗ ನಡು ಎರಡು ಬೆರಳು ಬಾಗಿತು. ಹದಿನೈದಕ್ಕೆ ಏರಿಸಿದ ಮೇಲೆ ಬಾಗಿದ್ದು ಕಾಣುವಷ್ಟೂ ಇರಲಿಲ್ಲ. ಹಾಗೇ ಬಿಟ್ಟು ಮರುದಿನ ಬೆಳಿಗ್ಗೆ ನೋಡಿದರೆ ಗಾಳಿ ಇಳಿದಿರಲಿಲ್ಲ. ಅಗ್ಗದ ಮಾಲಿಗೆ ಇದು ಮೆಚ್ಚಬೇಕಾದ ಮಾತು. ನೆಲಕ್ಕಿಳಿಸಿದ ಮೇಲೆ ಹೆಂಡತಿ ಎರಡು ದಿನ ಅದನ್ನು ದಾಟಿಕೊಂಡೇ ಅಡುಗೆಮನೆಗೆ ಹೋದಳು, ದಾಟುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು.

ಇಷ್ಟರವರೆಗೆ ನಾನು ಮಾಡಿದ್ದು ಪ್ರಾಮಾಣಿಕ ಕೆಲಸ. ಹಾಳಾದದ್ದು ಆಮೇಲೆ. ಹುಟ್ಟು ಮೂರು ತುಂಡಿನದು, ಜೋಡಿಸಿ ಉದ್ದ ಮಾಡಿಕೊಳ್ಳಬೇಕು. ಅದರ ತುದಿಯ ಅಗಲ ಭಾಗ ಸ್ವಲ್ಪ ಓರೆಯಾಗಿರುತ್ತದೆ. ಮೂವತ್ತು ವರ್ಷ ಸಾಂಬಾರಿನ ಸೌಟು ಹಿಡಿದ ಕೈ ಇದು. ಸೌಟು ತನ್ನ ಕಡೆಗೆ ಬಾಗಿದ್ದರೆ ತಾನೇ ಸಾಂಬಾರು ಬರುವುದು? ಹಾಗೆಯೇ ಓರೆ ನಮ್ಮ ಕಡೆ ಬರುವಂತೆ ಹಿಡಿದು, "ನೀರನ್ನು ಹೀಗೆ ಬಾಚಿ ಎಳಿಯಬೇಕು" ಎಂದು ಹಾಲ್‌ನಲ್ಲೇ ತೋರಿಸಿಕೊಟ್ಟೆ. ಅವಳು ಶ್ರದ್ಧೆಯಿಂದ ಕಲಿತಳು.

ಪೆಟ್ಟಿಗೆಯ ತಳದಲ್ಲಿ ಟೆಲಿಫೋನಿನ ವೈರಿನಂತೆ ಸುರುಳಿಯಾದ ಒಂದು ಹಗ್ಗವಿತ್ತು. ಒಂದು ತುದಿ ಹಲಗೆಗೆ, ಇನ್ನೊಂದು ತುದಿ ಕಾಲಿಗೆ. ಮಗಳು ಅದನ್ನು ಎತ್ತಿ ಹಿಡಿದು, "ಯೇ ಬಾಂಧನಾ ಹೈ ಕ್ಯಾ, ಅಪ್ಪ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿದಿತ್ತು. ಆದರೆ ನೀರು ಬಲ್ಲವನ ಬಾಯಿಂದ ಬರುವಂಥ ಒಂದು ದೊಡ್ಡ ಮಾತು ಆಗ ಬೇಕಿತ್ತು. "ನಮ್ಮ ಕಡೆ ನೀರಿಗೆ ಇಳಿಯುವವರು ಕಾಲಿಗೆ ಹಗ್ಗ ಕಟ್ಟಿಕೊಳ್ಳುದಿಲ್ಲ. ಸಿಕ್ಕಿಹಾಕಿಕೊಂಡ್ರೆ ಮುಗೀತು" ಎಂದೆ. ಅವಳು ಹಗ್ಗವನ್ನು ಸುತ್ತಿ ನನ್ನ ಚೀಲಕ್ಕೆ ಹಾಕಿದಳು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. ಅದಿಲ್ಲದೆ ಹೊರಡಲು ಬಿಡುವುದಿಲ್ಲ ಎಂದು ಹೆಂಡತಿ ಹಠ ಹಿಡಿದಳು. ಮಲಾಡ್ ಮಾರ್ಕೆಟ್ಟಿನ ಅಂಗಡಿಯವನು "ಎರಡಾ?" ಎಂದು ಕೇಳಿದಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. "ಒಂದು ಸಾಕು, ಅವಳಿಗೆ" ಎಂದೆ.

ಗಡುವು ಮುಗಿಯಲು ಎರಡು ದಿನವಿದ್ದಾಗ ಭಾನುವಾರ ಬಂತು. ನಾನೂ ಮಗಳೂ ಮಾರ್ವೆಯಿಂದ ಫೆರಿ ಹಿಡಿದು ಖಾಡಿ ದಾಟಿ ಮನೋರಿಗೆ ಹೋದೆವು. ಸಮುದ್ರದ ನೀರು ಒಳನುಗ್ಗಿ ನಿಲ್ಲುವ ಆ ಖಾಡಿ ಭರತದ ಹೊತ್ತಿನಲ್ಲಿ ತಟ್ಟೆಯಲ್ಲಿಟ್ಟಂತೆ ಸಮತಟ್ಟಾಗಿರುತ್ತದೆ. ಇಳಿತ ಶುರುವಾಗಲು ಇನ್ನೂ ಒಂದು ಗಂಟೆ ಇದೆ ಎಂದು ಫೆರಿಯವನು ಹೇಳಿದ. ಆ ಒಂದು ಗಂಟೆಯನ್ನು ನಾನು ದಡದಲ್ಲೇ ಕಳೆದೆ. ಪಂಪು ಒತ್ತಿದೆ, ಸುಸ್ತಾಗಿ ಕೂತೆ, ಮತ್ತೆ ಒತ್ತಿದೆ. ಅಂಚು ತಡವಿದೆ, ಹಲಗೆಯ ತಳದ ರೆಕ್ಕೆ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಹೇಳಲು ಒಂದು ಸಮಯ ಹುಡುಕುತ್ತಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸಮಯ ಎಷ್ಟು ಬೇಕಾದರೂ ಇತ್ತು, ಹೇಳಲಿಲ್ಲ.

ಅವಳು ಮೊದಲು ಮಂಡಿಯೂರಿ ಕೂತಳು. ನಾಲ್ಕನೆಯ ಸಲಕ್ಕೆ ಎದ್ದು ನಿಂತಳು. ಹಲಗೆ ಒಂದಿಷ್ಟು ನಡುಗಿ ಸುಮ್ಮನಾಯಿತು. ಹೊಸಬರಿಗೆ ನಿಲ್ಲಲು ಇದು ಸಾಕು ಎಂದು ನಾನು ಮಂಡಿಯುದ್ದದ ನೀರಿನಲ್ಲಿ ನಿಂತು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ನೇರ ಮಾತ್ರ ಹೋಗುತ್ತಿರಲಿಲ್ಲ; ಎರಡು ಸಲ ಹುಟ್ಟು ಹಾಕಿದರೆ ಮೂತಿ ತಿರುಗುತ್ತಿತ್ತು. ಸಣ್ಣ ಗಾಳಿಗೂ ಪಕ್ಕಕ್ಕೆ ಜಾರುತ್ತಿತ್ತು. ಅವಳ ನಗು ದಡದವರೆಗೆ ಕೇಳಿಸುತ್ತಿತ್ತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಸುಮಾರು ಐವತ್ತು ಅಡಿ ದೂರದಲ್ಲಿ ತಿರುಗಿಸಲು ಹೋಗಿ ಬಿದ್ದಳು. ಜಾಕೆಟ್ ಎತ್ತಿ ಹಿಡಿಯಿತು, ತಲೆ ಮೇಲೆ ಬಂತು. ಆದರೆ ಹಲಗೆ ಗಾಳಿಗೆ ಸಿಕ್ಕಿ, ಅವಳು ಕೈ ಚಾಚುವ ಮೊದಲೇ ದೂರವಾಯಿತು. ಅದನ್ನು ಹಿಡಿದಿಡಬೇಕಿದ್ದ ಹಗ್ಗ ನನ್ನ ಚೀಲದಲ್ಲಿತ್ತು. ನೀರು ಆಗಲೇ ಇಳಿಯತೊಡಗಿತ್ತು. ಅವಳೂ ನಿಧಾನವಾಗಿ ಖಾಡಿಯ ಬಾಯಿಯ ಕಡೆಗೆ ಸರಿಯುತ್ತಿದ್ದಳು.

ಅವಳಿಗೆ ಗಾಬರಿಯೇ ಇರಲಿಲ್ಲ. ಸ್ವಲ್ಪ ಈಜು ಬರುತ್ತಿತ್ತು, ಶಾಲೆಯಲ್ಲಿ ಕಲಿತಿದ್ದಳು. ಆದರೂ ಕೈಕಾಲು ಆಡಿಸದೆ, ಕೈಯೆತ್ತಿ ನಗುತ್ತಾ, "ಅಪ್ಪ, ಆ ಜಾವ್!" ಎಂದು ಕರೆದಳು. ನೆರೆ ಬಂದ ಹೊಳೆ ದಾಟಿದ ಅಪ್ಪನಿಗೆ ಐವತ್ತು ಅಡಿ ಯಾವ ಲೆಕ್ಕ! ನಾನು ಬಂದು ಎಳೆದುಕೊಂಡು ಹೋಗುತ್ತೇನೆಂದು ಕಾಯುತ್ತಿದ್ದಳು.

ಇಳಿದೆ. ಸೊಂಟ, ಹೊಟ್ಟೆ, ಎದೆ. ಕಾಲ ಕೆಳಗಿನ ಕೆಸರು ಜಾರಿತು. ನಿಂತುಬಿಟ್ಟೆ. ಐವತ್ತು ಅಡಿ ಅರವತ್ತಾಗಿತ್ತು. ಅವಳು ಇನ್ನೂ ಕೈಯೆತ್ತಿಕೊಂಡೇ ಇದ್ದಳು. ನಾನು ಬರುತ್ತೇನೆ ಎಂದು ನಂಬಿರುವಷ್ಟು ಹೊತ್ತು ಅವಳು ತಾನಾಗಿ ಈಜುವುದಿಲ್ಲ ಎಂಬುದು ಆಗ ತಲೆಗೆ ಹೊಳೆಯಿತು.

"ನನಗೆ ಈಜಲಿಕ್ಕೆ ಬರುದಿಲ್ಲ!" ಎಂದು ಕೂಗಿದೆ.

ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ನಾನು ಇದ್ದಷ್ಟೂ ಗಂಟಲಿನಿಂದ ಹಿಂದಿಯಲ್ಲಿ ಕೂಗಿದೆ. "ಮುಝೆ ತೈರ್ನಾ ನಹೀ ಆತಾ! ಕಭೀ ನಹೀ ಆತಾ ಥಾ! ಹೊಳೆ ಗಿಳೆ ಎಲ್ಲ ಸುಳ್ಳು! ನನ್ನನ್ನು ಕಾಯಬೇಡ, ನೀನೇ ಬಾ!"

ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಎದ್ದು ನಿಂತ. ಮಗಳ ನಗು ನಿಂತಿತು. ಅವಳು ನನ್ನನ್ನು ಒಂದು ಕ್ಷಣ ನೋಡಿದಳು, ಆ ನೋಟವನ್ನು ವಿವರಿಸಲು ನನಗೆ ಇಷ್ಟವಿಲ್ಲ. ಆಮೇಲೆ ಅಂಗಾತ ಮಲಗಿ, ಓರೆಯಾಗಿ ದಡದ ಕಡೆಗೆ ಕಾಲು ಬಡಿಯತೊಡಗಿದಳು. ಮೀನುಗಾರ ತನ್ನ ದೋಣಿ ನೂಕುವಷ್ಟರಲ್ಲಿ ಅರ್ಧ ದೂರ ಬಂದಿದ್ದಳು. ನೀರು ಇಳಿಯುವ ಕಡೆಗೆ, ನನ್ನಿಂದ ಬಹಳ ದೂರದಲ್ಲಿ ದಡ ಮುಟ್ಟಿದಳು. ಕೆಸರಿನಲ್ಲಿ ಬಿದ್ದು ಏಳುತ್ತಾ ಅಲ್ಲಿಗೆ ಓಡಿದೆ. ಕೆಮ್ಮುತ್ತಿದ್ದಳು. ಅವಳ ಕೂದಲು ಒರೆಸಲು ಹೋದೆ, ಟವೆಲನ್ನು ಕೈಯಿಂದ ತೆಗೆದುಕೊಂಡು ತಾನೇ ಒರೆಸಿಕೊಂಡಳು.

ಮೀನುಗಾರ ಹಲಗೆ, ಹುಟ್ಟು ಎರಡನ್ನೂ ಎಳೆದು ತಂದ. ಹುಟ್ಟನ್ನು ತಿರುಗಿಸಿ ನೋಡಿ, "ಉಲ್ಟ ಧರ್ಲ ಹೋತ ತಿನ" ಎಂದ. ಅವಳು ಉಲ್ಟಾ ಹಿಡಿದಿದ್ದಳು. ಓರೆ ಮುಂದಕ್ಕಿರಬೇಕು ಎಂದು ಕೈಯಲ್ಲೇ ತೋರಿಸಿದ. ಆಮೇಲೆ ಹಲಗೆಯ ಹಿಂಬದಿಯ ಉಂಗುರ ಮುಟ್ಟಿ, "ದೋರಿ ಕುಠೆ ಆಹೆ?" ಎಂದು ಕೇಳಿದ. ನಾನು ಚೀಲ ಬಿಚ್ಚಿ ಹಗ್ಗ ತೆಗೆದು ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಬಲೆಯ ಕಡೆಗೆ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ಹಲಗೆಯಿಂದ ಗಾಳಿ ಬಿಟ್ಟು, ಸುತ್ತಿ, ಫೆರಿ ಹತ್ತಿದೆವು. ಚೀಲವನ್ನು ಇಬ್ಬರ ನಡುವೆ ನಿಲ್ಲಿಸಿಕೊಂಡು ಕೂತೆವು. ಸುಮ್ಮನೆ ಕೂರಲಾಗದೆ ನನ್ನ ತೀರ್ಪು ಹೇಳಿದೆ. ಗಾಳಿ ನಿಲ್ಲುತ್ತದೆ, ಭಾರ ತಾಳುತ್ತದೆ, ಹೊಸಬರನ್ನು ನಿಲ್ಲಿಸುತ್ತದೆ. ಪಂಪು ಕಷ್ಟ, ಝಿಪ್ ಕಳಪೆ, ಗಾಳಿ ಬೀಸುವಾಗ ಬೇಡ. ಕೊಟ್ಟ ಬೆಲೆಗೆ ಮೋಸವಿಲ್ಲ, ಇಟ್ಟುಕೊಳ್ಳಬಹುದು. ಮೋಸ ಮಾಡಿದ್ದು ನಾನು ಎಂದೂ ಸೇರಿಸಿದೆ. ಅವಳು ನೀರು ನೋಡುತ್ತಾ ತಲೆಯಾಡಿಸಿದಳು.

ಮಾರ್ವೆ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು. "ಜಾಕೆಟ್ ಇರ್ಲಿಲ್ಲ ಅಂದ್ರೆ, ನಾನು ಸಚ್ಮುಚ್ ಮುಳುಗ್ತಾ ಇದ್ದೆ ಅಂದ್ರೆ, ನೀನು ಬರ್ತಿದ್ಯಾ?"

"ಬರ್ತಿದ್ದೆ."

"ಈಜು ಬರಲ್ಲ, ಫಿರ್ ಭೀ?"

"ಆದ್ರೂ ಬರ್ತಿದ್ದೆ."

ಅವಳು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ತೋ ಮಮ್ಮಿಗೆ ನಾವು ಇಬ್ರೂ ಇರ್ತಿರಲಿಲ್ಲ," ಎಂದಳು.

ಹೌದು ಎಂದೆ.