ಹೆಂಡತಿಯ ಹೆಸರಿನ ಗುಂಡು

1999ರ ಜೂನ್ ತಿಂಗಳ ಒಂದು ಮಧ್ಯಾಹ್ನ, ಯುದ್ಧ ನಡೆಯುತ್ತಿದ್ದ ದ್ರಾಸ್ ಬಳಿಯ ನಮ್ಮ ತೋಪಿನಿಂದ ನನ್ನ ಹೆಂಡತಿಯ ಹೆಸರು ಬರೆದಿದ್ದ ಗುಂಡೊಂದನ್ನು ಗುಡ್ಡದ ಆಚೆಗೆ ಹಾರಿಸಲಾಯಿತು. ಆಕೆ ಆಗ ಬೆಳಗಾವಿಯ ಹಿಂದವಾಡಿಯಲ್ಲಿ, ತವರಿನಲ್ಲಿದ್ದಳು. ಆಕೆಗೆ ಯಾರೂ ತಿಳಿಸಲಿಲ್ಲ.

ತೋಪಿನ ಗುಂಡು ಐವತ್ತು ಕಿಲೋ ಅಕ್ಕಿ ಚೀಲಕ್ಕಿಂತ ತುಸು ಹಗುರ. ಆದರೆ ಚೀಲದಂತೆ ಬೆನ್ನಿಗೆ ಹಾಕಿಕೊಳ್ಳುವಂತಿಲ್ಲ, ಎದೆಗೆ ಆನಿಸಿಕೊಂಡು ನಡೆಯಬೇಕು. ಪೆಟ್ಟಿಗೆಯಿಂದ ತೆಗೆದು, ಮಣ್ಣು ಒರೆಸಿ, ಮೂತಿಗೆ ಸಿಡಿಸುವ ಫ್ಯೂಜ್ ತಿರುಗಿಸಿ ಕೂರಿಸುವುದು ನನ್ನ ಕೆಲಸ. ಎತ್ತಿ ಕೊಡುವವನು ಖಾನಾಪುರದ ಗೆಳೆಯ. ಗುಂಡಿನ ಮೇಲೆ ಸೀಮೆಸುಣ್ಣದಲ್ಲಿ ಏನಾದರೂ ಬರೆಯುವುದು ನಮ್ಮಲ್ಲಿ ರೂಢಿಯಾಗಿತ್ತು. ಕೆಲವರು ದೇವರ ಹೆಸರು ಬರೆಯುತ್ತಿದ್ದರು, ಕೆಲವರು ಬೈಗುಳ. ಅಂದು ಹೆಂಡತಿ ಕಳಿಸಿದ್ದ ಅಂಟಿನ ಉಂಡೆಯ ಡಬ್ಬಿ ಬಂದಿತ್ತು. ಗೆಳೆಯ ಅರ್ಧ ಡಬ್ಬಿ ತಿಂದ. ಉಪಕಾರ ಸ್ಮರಣೆಗೆಂದು ಆಕೆಯ ಹೆಸರು ಬರೆದ.

ನಾವು ಜೈನರು. ಇರುವೆಯ ಸಾಲು ಕಂಡರೆ ಹೆಂಡತಿ ಕಸಬರಿಗೆ ಕೆಳಗಿಟ್ಟು, ಸಾಲು ಮುಗಿಯುವವರೆಗೆ ನಿಲ್ಲುತ್ತಾಳೆ. ನನ್ನ ನೌಕರಿಗೆ ಮಾತ್ರ ಆಕ್ಷೇಪ ಎತ್ತಿರಲಿಲ್ಲ. ದೇಶ ಕಾಯುವವನಿಗೆ ಅದೇ ಧರ್ಮ ಎಂದು ಅವಳ ತಂದೆ ಹೇಳಿದ್ದರು.

ಕಳೆದ ಬೇಸಿಗೆಯಲ್ಲಿ ಗೆಳೆಯ ಪೀರನವಾಡಿಯ ನಮ್ಮ ಮನೆಗೆ ಊಟಕ್ಕೆ ಬಂದ. ಹೆಂಡತಿ ಅಂಟಿನ ಉಂಡೆ ಬಡಿಸಿದಳು.

"ವೈನಿ, ಇದ ಉಂಡಿ ತಿಂದು ನಿಮ್ಮ ಹೆಸರಿಲೆ ಒಂದು ಗುಂಡು ಹಾರಿಸೇವ್ರಿ! ಇಂವ ಹೇಳಿಲ್ಲೇನು?"

ಆಕೆ ಡಬ್ಬಿ ಕೆಳಗಿಟ್ಟಳು. "ಎಲ್ಲಿ ಬಿತ್ರಿ ಅದು?"

"ಗುಡ್ಡದಾಚೆ. ಖರೇ ಅಂದ್ರ, ನಮಗ ಕಾಣೂದಿಲ್ರಿ."

"ಯಾರರೆ ಸತ್ರೇನು?"

ಗೆಳೆಯ ನನ್ನ ಕಡೆ ನೋಡಿದ. ನಾನು ಅನ್ನ ಕಲಸುತ್ತಿದ್ದೆ.

"ಅದು ಸಿಡೀಲೇ ಇಲ್ರಿ ವೈನಿ. ಫುಸ್ ಆತು."

"ಈಗಷ್ಟ ಕಾಣೂದಿಲ್ಲ ಅಂದ್ರೆಲ್ಲಾ?"

ಗೆಳೆಯ ಇಡೀ ಉಂಡೆಯನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡ.

ಆಕೆ ನನ್ನತ್ತ ತಿರುಗಿದಳು. "ನೀವು ಹೇಳ್ರಿ. ಸಿಡೀಲಿಲ್ಲೇನು?"

"ಫ್ಯೂಜ್ ನಾನ ಕೂಡ್ರಿಸಿದ್ದೆ," ಎಂದೆ. "ಸಿಡಿದಿರ್ತದ. ಯಾರಿಗೆ ಬಡೀತು, ಗೊತ್ತಿಲ್ಲ."

"ಅಷ್ಟೊಂದು ಗುಂಡು ಹಾರಿಸೇವ್ರಿ ವೈನಿ," ಎಂದ ಗೆಳೆಯ, ಬಾಯಿ ಖಾಲಿಯಾದ ಮೇಲೆ. "ಇದೊಂದರದ ಯಾಕ ಚಿಂತಿ?"

"ಅವು ಸರ್ಕಾರದ್ವು. ಇದು ನಂದು."

ಮರುದಿನ ಆಕೆ ಬೆಳಗಾವಿ ಕೋಟೆಯೊಳಗಿನ ಬಸದಿಗೆ ಹೋಗಿಬಂದಳು. ಅಲ್ಲಿಯವರೆಗೆ ಚತುರ್ದಶಿಯಂದು ಒಂದು ಹೊತ್ತು ಉಣ್ಣುತ್ತಿದ್ದವಳು, ಅಂದಿನಿಂದ ಅದನ್ನೂ ಬಿಟ್ಟಳು. ಗುಂಡು ಸಿಡಿದಿಲ್ಲ ಎಂದು ಆಕೆಗೆ ಆಣೆ ಮಾಡಿ ಹೇಳು ಎಂದು ಗೆಳೆಯ ನನಗೆ ಫೋನ್ ಮಾಡಿದ. ನಾನು ಹೇಳಲಿಲ್ಲ.

ಹೋದ ಚತುರ್ದಶಿಯಂದು ಅವನು ಖಾನಾಪುರದಿಂದ ಬಸ್ಸಿನಲ್ಲಿ ಬಂದ. ಹೆಂಡತಿ ಅವನಿಗೆ ತಾಟು ಹಚ್ಚಿದಳು. ಅವನು ತಾಟನ್ನು ಪಕ್ಕಕ್ಕೆ ಸರಿಸಿ, ಆಕೆಯಂತೆ ತಾನೂ ನೀರಷ್ಟೇ ಕುಡಿದ. ಸಂಜೆಯ ಬಸ್ಸಿಗೆ ಹೋದ.