ಪಾಸ್‌ಪೋರ್ಟ್ ಇಲ್ಲದ ಶನಿವಾರ

ಹೆಬ್ಬಾಳದ ಸರ್ವಿಸ್ ರೋಡಿನಲ್ಲಿ, ಮೂರನೇ ಮಹಡಿಯಲ್ಲಿದ್ದ ಒಂದು ಬಾರ್ ಆ್ಯಂಡ್ ರೆಸ್ಟೋರೆಂಟಿನ ಬಾಗಿಲಲ್ಲಿ ನಾನು ಆರು ವರ್ಷ ನಿಂತಿದ್ದೇನೆ. ಕಪ್ಪು ಪ್ಯಾಂಟು, ಕಪ್ಪು ಅಂಗಿ, ಸೊಂಟದಲ್ಲಿ ವಾಕಿಟಾಕಿ. ಜನ ನನ್ನನ್ನು ಲೇಡಿ ಬೌನ್ಸರ್ ಎನ್ನುತ್ತಿದ್ದರು. ಕುತ್ತಿಗೆಯ ಗುರುತಿನ ಚೀಟಿಯಲ್ಲಿ ಮಹಿಳಾ ಸೆಕ್ಯುರಿಟಿ ಎಂದಿತ್ತು. ಒಳಗೆ ಹೋಗುವ ಹೆಂಗಸರ ಬ್ಯಾಗು ನೋಡುವುದು, ಕುಣಿಯುವ ಜಾಗದಲ್ಲಿ ಯಾರಾದರೂ ಅವರ ಮೈಮೇಲೆ ಬೀಳುವಂತೆ ಬಂದರೆ ನಡುವೆ ಹೋಗಿ ನಿಲ್ಲುವುದು, ಹೊರಟವರನ್ನು ಗಾಡಿ ಹತ್ತಿಸುವುದು ನನ್ನ ಕೆಲಸ. ಮತ್ತಿಕೆರೆಯ ಕಾಲೇಜಿನಲ್ಲಿ ಓದುವಾಗ ಕಬಡ್ಡಿ ಆಡುತ್ತಿದ್ದೆ. ಎದುರಿಗಿರುವವರ ಮುಖ ನೋಡಬೇಡ, ಕಾಲು ನೋಡು, ಯಾವ ಕಡೆ ನುಗ್ಗುತ್ತಾರೆ ಅಂತ ಕಾಲು ಮೊದಲೇ ಹೇಳುತ್ತೆ ಎಂದು ನಮ್ಮ ಕೋಚ್ ಕಲಿಸಿದ್ದರು. ಕುಡಿದವರ ವಿಷಯದಲ್ಲೂ ಅದು ನಿಜವೆಂದು ಆ ಬಾಗಿಲಲ್ಲಿ ಗೊತ್ತಾಯಿತು.

ನಮ್ಮ ಮನೆ ತಣಿಸಂದ್ರದ ಹಳೇ ಊರಿನೊಳಗೆ. ಗಂಡ ಶಾಲೆಯ ವ್ಯಾನ್ ಓಡಿಸುತ್ತಾರೆ. ಅತ್ತೆಗೆ ನನ್ನ ಕೆಲಸ ಒಪ್ಪಿಗೆಯಾಗಲು ಎರಡು ವರ್ಷ ಹಿಡಿಯಿತು. "ಇಂಗೆ ಒತ್ತು ಮುಳುಗಿದ ಮ್ಯಾಲೆ ಒಂಟು ನಿಂತ್ಕೊಂಡ್ರೆ ಅಕ್ಕಪಕ್ಕದೋರು ಏನಂದಾರು?" ಎಂದು ಗೊಣಗುತ್ತಿದ್ದವರು ಬರುಬರುತ್ತಾ ಬದಲಾದರು. ನಾನು ಎಷ್ಟು ಹೊತ್ತಿಗೆ ಬಂದರೂ ಎದ್ದು ಬಾಗಿಲು ತೆಗೆದು, "ಎಲ್ಲಾ ಎಣ್ಮಕ್ಳೂ ಮನೆ ಸೇರ್ಕೊಂಡ್ರಾ?" ಎಂದು ಕೇಳುವುದು ಅಭ್ಯಾಸವಾಯಿತು.

ನಮ್ಮಲ್ಲಿಗೆ ಬರುವವರಲ್ಲಿ ವಿದೇಶಿಯರು ಕಡಿಮೆಯೇನಲ್ಲ. ಒಂದು ಕಡೆ ವಿಮಾನ ನಿಲ್ದಾಣದ ರಸ್ತೆ, ಇನ್ನೊಂದು ಕಡೆ ದೊಡ್ಡ ಆಸ್ಪತ್ರೆಗಳು, ಯಲಹಂಕದ ಕಡೆ ಕಾಲೇಜುಗಳು. ಗುಂಪಾಗಿ ಬರುವ ಆಫ್ರಿಕಾದ ವಿದ್ಯಾರ್ಥಿಗಳು, ಬೆಳಗಿನ ವಿಮಾನಕ್ಕೆ ಕಾಯುವವರು, ಕಂಪನಿ ಕೆಲಸದ ಮೇಲೆ ಬಂದು ಹೋಟೆಲಿನ ಕೋಣೆಯಲ್ಲಿ ಬೇಸರ ಹಿಡಿದವರು. ಒಂಟಿ ಹೆಂಗಸರು ಮಾತ್ರ ಅಪರೂಪ. ಹಾಗಾಗಿ ಆಕೆ ಮೊದಲ ಸಲ ಲಿಫ್ಟಿನಿಂದ ಇಳಿದು ಬಂದದ್ದು ಚೆನ್ನಾಗಿ ನೆನಪಿದೆ. ನನ್ನದೇ ವಯಸ್ಸು, ನಲವತ್ತರ ಆಸುಪಾಸು. ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಬ್ಯಾಗಿನಲ್ಲಿ ನೋವಿನ ಮುಲಾಮು, ಬಿಸ್ಕತ್ತಿನ ಪೊಟ್ಟಣ, ಆಸ್ಪತ್ರೆಯ ಪಾಸು.

"ಜೊತೆಗೆ ಯಾರು?" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ.

"ಯಾರೂ ಇಲ್ಲ ಸಿಸ್ಟರ್. ನನ್ನ ತಮ್ಮನಿಗೆ ಬೆನ್ನುಮೂಳೆಯ ಆಪರೇಷನ್ ಆಗಿದೆ. ಇವತ್ತು ಅವನು ತಾನೇ ಎದ್ದು ಕೂತ. ಹೋಗಿ ಸ್ವಲ್ಪ ಗಾಳಿ ಕುಡಿದು ಬಾ ಅಂತ ಅವನೇ ಕಳಿಸಿದ."

ಆಕೆ ಕೀನ್ಯಾದವಳು. ಒಂದು ತಿಂಗಳಿಂದ ತಮ್ಮನ ಪಕ್ಕದ ಕಿರಿದಾದ ಮಂಚದ ಮೇಲೆ ಮಲಗುತ್ತಿದ್ದಳು. ಅವತ್ತು ಎರಡು ಗಂಟೆ ಒಬ್ಬಳೇ ಕುಣಿದಳು. ಕಣ್ಣು ಮುಚ್ಚಿಕೊಂಡು, ಯಾರನ್ನೂ ಮೆಚ್ಚಿಸುವ ಗೋಜಿಲ್ಲದೆ, ಹೊಲದ ಕೆಲಸ ಮುಗಿಸಿದವರು ಮೈಮುರಿಯುವ ಹಾಗೆ. ಇಬ್ಬರು ಗಂಡಸರು ಹತ್ತಿರ ಸರಿದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ದೂರ ಹೋದರು. ಆಕೆ ಕಣ್ಣು ಬಿಟ್ಟು ನನ್ನ ಕೈ ಹಿಡಿದು ಎಳೆದಳು. ಡ್ಯೂಟಿಯಲ್ಲಿದ್ದೇನೆ ಎಂದೆ.

"ನಮ್ಮೂರಲ್ಲಿ ಶನಿವಾರ ಕುಣಿಯದಿದ್ರೆ ಜ್ವರ ಬಂದಿದೆಯಾ ಅಂತ ಕೇಳ್ತಾರೆ," ಎಂದು ನಕ್ಕಳು.

ಮುಂದಿನ ಎರಡು ಶನಿವಾರವೂ ಬಂದಳು. ನಿಂಬೆಹಣ್ಣಿನ ಸೋಡಾ ಬಿಟ್ಟರೆ ಬೇರೇನೂ ಕುಡಿಯುತ್ತಿರಲಿಲ್ಲ. ಹನ್ನೊಂದಕ್ಕೆ ಹೊರಡುವಳು, ನನಗೆ ಪರಿಚಯವಿದ್ದ ಆಟೋದವರನ್ನು ಕರೆದು ಹತ್ತಿಸುತ್ತಿದ್ದೆ. ತಲುಪಿದ ಮೇಲೆ ನನ್ನ ಫೋನಿಗೆ ಒಂದು ಮಿಸ್ಡ್ ಕಾಲ್. ನಮ್ಮ ನಡುವೆ ಮಾತು ಹೆಚ್ಚಿರಲಿಲ್ಲ. ಆದರೂ ಶನಿವಾರ ಸಂಜೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗ ಆಕೆ ಬರುತ್ತಾಳೋ ಇಲ್ಲವೋ ಎಂದು ಯೋಚಿಸತೊಡಗಿದ್ದೆ.

ಆ ದಿನಗಳಲ್ಲೇ ಊರಿನ ಬೇರೊಂದು ಕಡೆ ಯಾವುದೋ ಬಾರಿನಲ್ಲಿ ದೊಡ್ಡ ಜಗಳವಾಗಿ ಟಿವಿಯಲ್ಲಿ ಬಂತು. ಪೊಲೀಸರು ಮಾಲೀಕರನ್ನೆಲ್ಲ ಸಭೆಗೆ ಕರೆದರು. ಹೊಸ ಹೊಸ ನಿಯಮಗಳು ಬಂದವು. ಅವುಗಳಲ್ಲಿ ಒಳ್ಳೆಯವೂ ಇದ್ದವು ಎಂದು ಹೇಳಲೇಬೇಕು. ನಮ್ಮ ಹಿಂದಿನ ಮೆಟ್ಟಿಲಿನ ತುಂಬ ಬಿಯರಿನ ಖಾಲಿ ಕ್ರೇಟುಗಳನ್ನು ಒಟ್ಟುತ್ತಿದ್ದರು. ಬೆಂಕಿ ಬಿದ್ದರೆ ಜನ ಹೇಗೆ ಇಳಿಯಬೇಕು ಎಂದು ನಾನು ಮೂರು ವರ್ಷದಿಂದ ಕೇಳುತ್ತಿದ್ದೆ. ಒಂದೇ ದಿನದಲ್ಲಿ ಅದು ಖಾಲಿಯಾಯಿತು. ಹೆಂಗಸರ ಟಾಯ್ಲೆಟ್ಟಿಗೆ ಹೋಗುವ ಕತ್ತಲೆ ಓಣಿಗೆ ದೀಪ, ಕ್ಯಾಮೆರಾ ಬಂದವು. ಜೊತೆಗೆ ಬಾಗಿಲಿಗೆ ಒಂದು ಕಾಗದ ಅಂಟಿಸಿದರು: ವಿದೇಶಿ ಅತಿಥಿಗಳು ಅಸಲಿ ಪಾಸ್‌ಪೋರ್ಟ್ ತೋರಿಸಿದರೆ ಮಾತ್ರ ಪ್ರವೇಶ.

ನಾಲ್ಕನೇ ಶನಿವಾರ ಆಕೆ ಬಂದಾಗ ನಾನು ಆ ಕಾಗದ ತೋರಿಸಿದೆ. ಆಕೆ ಓದಿ, ಫೋನು ತೆಗೆದು ಪಾಸ್‌ಪೋರ್ಟಿನ ಫೋಟೋ ತೋರಿಸಿದಳು. ಭಾವಚಿತ್ರವಿದ್ದ ಆಸ್ಪತ್ರೆಯ ಪಾಸನ್ನೂ ತೋರಿಸಿದಳು.

"ಅಸಲಿ ಎಲ್ಲಿದೆ?"

"ಆಸ್ಪತ್ರೆಯ ಆಫೀಸಿನಲ್ಲಿ ಭದ್ರವಾಗಿ ಇಡೋಕೆ ಕೊಟ್ಟಿದ್ದೀನಿ. ಕಳೆದುಹೋದ್ರೆ ತಮ್ಮನ್ನ ಹೇಗೆ ಕರ್ಕೊಂಡು ಹೋಗ್ಲಿ? ಸಂಜೆ ಆರಕ್ಕೆ ಅವರು ಬಾಗಿಲು ಹಾಕ್ತಾರೆ."

ಮ್ಯಾನೇಜರನ್ನು ಕರೆದೆ. ಕೆಟ್ಟ ಮನುಷ್ಯನಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು, ಯಾವಾಗಲೂ ಅಕ್ಕ ಎಂದೇ ಕರೆಯುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಇವ್ರು ನಮಗೆ ಪರಿಚಯ, ಒಪ್ಕೋತೀನಿ. ಆದ್ರೆ ನಾಳೆ ಲೈಸೆನ್ಸ್ ಹೋದ್ರೆ ನಲವತ್ತು ಜನ ಕೆಲ್ಸ ಬಿಟ್ಟು ಮನೇಲಿ ಕೂರ್ಬೇಕು. ನೀವೇ ಹೇಳ್ಬಿಡಿ," ಎಂದರು.

ನಾನೇ ಹೇಳಿದೆ. ಹೇಳುತ್ತಿರುವಾಗಲೇ ನಮ್ಮೂರಿನವರೇ ಆದ ನಾಲ್ವರು ಗಂಡಸರು ಲಿಫ್ಟಿನಿಂದ ಇಳಿದು, ಕೈಗೆ ಮುದ್ರೆ ಹಾಕಿಸಿಕೊಂಡು, ಆಕೆಯ ಪಕ್ಕದಲ್ಲೇ ಒಳಗೆ ಹೋದರು. ಅವರಲ್ಲೊಬ್ಬನ ಕಾಲು ಆಗಲೇ ನೆಟ್ಟಗಿರಲಿಲ್ಲ.

"ಅವರ ಕಾಗದ?" ಎಂದು ಆಕೆ ಕೇಳಿದಳು.

ಆಕೆ ಲಿಫ್ಟಿನ ಗುಂಡಿ ಒತ್ತಿದಳು.

ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಗೆ ಬಂದು ಕೆಳಗೆ ನೋಡಿದೆ. ಸರ್ವಿಸ್ ರೋಡಿನ ಅಂಚಿನಲ್ಲಿ ಆಕೆ ಇನ್ನೂ ನಿಂತಿದ್ದಳು. ತುಂತುರು ಹನಿಯುತ್ತಿತ್ತು. ಆಟೋಗಳು ನಿಧಾನಿಸಿ, ಮುಖ ನೋಡಿ, ಮುಂದೆ ಹೋಗುತ್ತಿದ್ದವು. ಒಂದು ಕಾರು ಬಂದು ನಿಂತಿತು. ಕಿಟಕಿ ಇಳಿಯಿತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಕಾರೂ ಅಷ್ಟೇ ಹಿಂದಕ್ಕೆ ಬಂತು. ಹಿಂದಿನ ಬಾಗಿಲು ತೆರೆಯಿತು.

ನಾನು ಯಾರಿಗೂ ಹೇಳದೆ ಮೆಟ್ಟಿಲಿಳಿದು ಓಡಿದೆ. ಕ್ರೇಟುಗಳಿಲ್ಲದ ಹಿಂದಿನ ಮೆಟ್ಟಿಲು ಅವತ್ತು ನನಗೇ ಉಪಯೋಗಕ್ಕೆ ಬಂತು. ಹೋಗಿ ಆಕೆಯ ಭುಜ ಹಿಡಿದು ನಿಂತು, ಕಾರಿನೊಳಗೆ ಬಗ್ಗಿ, "ಏನ್ ಬೇಕಿತ್ತು?" ಎಂದೆ.

"ಏನಿಲ್ಲ ಮೇಡಮ್, ಡ್ರಾಪ್ ಬೇಕಾ ಅಂತ ಕೇಳಿದ್ವಿ ಅಷ್ಟೆ," ಎಂದಿತು ಒಂದು ದನಿ. ಬಾಗಿಲು ಮುಚ್ಚಿತು, ಕಾರು ಹೋಯಿತು.

ಸೊಂಟದಲ್ಲಿ ವಾಕಿಟಾಕಿ ನನ್ನನ್ನು ಕೂಗುತ್ತಲೇ ಇತ್ತು. ಆಕೆಯ ಹಳದಿ ಬಟ್ಟೆ ನೆನೆದು ಬಣ್ಣ ಗಾಢವಾಗಿತ್ತು. ಸಿಟ್ಟಿಲ್ಲದೆ, ತಿಳಿದುಕೊಳ್ಳುವವಳ ಹಾಗೆ ಕೇಳಿದಳು: "ಒಳಗೇ ಇದ್ದಿದ್ರೆ ನಾನು ಸೇಫಾಗಿ ಇರ್ತಿದ್ದೆ, ಅಲ್ವಾ ಸಿಸ್ಟರ್?"

ಹೌದು ಎಂದೆ. ಪರಿಚಯದ ಆಟೋದವರು ಬರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.

ಮೇಲೆ ಹೋದಾಗ ಮ್ಯಾನೇಜರ್ ಕೆಂಡವಾಗಿದ್ದರು. ಇಪ್ಪತ್ತು ನಿಮಿಷ ಹೆಂಗಸರ ಕಡೆ ಯಾರೂ ಇರಲಿಲ್ಲ, ಏನಾದರೂ ಆಗಿದ್ದರೆ ಯಾರು ಜವಾಬ್ದಾರಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು. ಕೆಳಗೆ ಹೋದದ್ದೂ ಸರಿ, ಹೋಗಬಾರದಿತ್ತು ಎನ್ನುವುದೂ ಸರಿ. ನಮ್ಮಿಬ್ಬರ ಮುಂದೆಯೂ ಇದ್ದದ್ದು ಬಾಗಿಲಿಗೆ ಅಂಟಿಸಿದ ಅದೇ ಕಾಗದ. ಅವರು ಅದರಲ್ಲಿ ಲೈಸೆನ್ಸನ್ನು ನೋಡುತ್ತಿದ್ದರು, ನಾನು ಆ ಕಾರಿನ ತೆರೆದ ಬಾಗಿಲನ್ನು ನೋಡುತ್ತಿದ್ದೆ.

ಮನೆಗೆ ಬಂದಾಗ ಅತ್ತೆ ಎಂದಿನಂತೆ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು, "ಬಾಗ್ಲಾಗೆ ತಡ್ದಿದ್ದು ನೀನೇನಾ?" ಎಂದರು. ಬೈಗುಳವಲ್ಲ, ಬರಿಯ ಪ್ರಶ್ನೆ. ಅವತ್ತು ನನಗೆ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ಒಬ್ಬ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಇದ್ದರು. ಕಡತಗಳಿಗೆ ಸಹಿ ಹಾಕುತ್ತಲೇ ನನ್ನ ಮಾತು ಕೇಳಿಸಿಕೊಂಡರು. ಆಮೇಲೆ ಡ್ರಾಯರಿನಿಂದ ಒಂದು ಸುತ್ತೋಲೆ ತೆಗೆದು ನನ್ನ ಕಡೆ ತಿರುಗಿಸಿದರು.

"ಓದಮ್ಮ. ಫೋಟೋ ಇರೋ ಗುರುತಿನ ದಾಖಲೆ ಅಂತ ಇದೆ. ಪಾಸ್‌ಪೋರ್ಟೇ ಅಂತ ಎಲ್ಲಿದೆ? ನಕಲಾದ್ರೂ ಆಗುತ್ತೆ. ಅಸಲಿ ನೋಡ್ಬೇಕು ಅನ್ನೋದು ರೂಮ್ ಕೊಡೋ ಲಾಡ್ಜ್‌ನೋರಿಗೆ. ಅದನ್ನ ನಿಮ್ಮೋರು ಬಾರಿಗೆ ಅಂಟಿಸ್ಕೊಂಡಿದ್ದಾರೆ."

"ಹಾಗಂತ ಬರ್ದು ಕೊಡ್ತೀರಾ ಮೇಡಮ್?"

"ಹಂಗೆಲ್ಲಾ ಬರ್ಕೊಡೋಕಾಗಲ್ಲ. ನಿಮ್ಮ ಮ್ಯಾನೇಜರನ್ನ ಕಳ್ಸಿ, ತೋರಿಸ್ತೀನಿ." ಪೆನ್ನು ಕೆಳಗಿಟ್ಟರು. "ಆಚೆ ಕಳ್ಸಿದ ಮೇಲೆ ಏನಾಯ್ತು?"

ಕಾರಿನ ವಿಷಯ ಹೇಳಿದೆ. ನಂಬರ್ ಏನು ಎಂದು ಕೇಳಿದರು. ಆಟೋದ ನಂಬರ್ ನನ್ನ ಫೋನಿನಲ್ಲಿತ್ತು, ಕಾರಿನದು ಇರಲಿಲ್ಲ.

"ನೋಡ್ಕೋಬೇಕಿತ್ತಮ್ಮ," ಎಂದರು. ಅಷ್ಟೇ. ಅಷ್ಟು ವರ್ಷದ ಅನುಭವವಿದ್ದೂ ಅದು ನನಗೆ ಹೊಳೆದಿರಲಿಲ್ಲ.

ಮ್ಯಾನೇಜರ್ ಎರಡು ದಿನ ಹಿಂದೆಮುಂದೆ ನೋಡಿ, ಮೂರನೆಯ ದಿನ ನನ್ನ ಜೊತೆ ಬಂದರು. ಸುತ್ತೋಲೆಯನ್ನು ಎರಡು ಸಲ ಓದಿದರು. ವಾಪಸ್ ಬರುವಾಗ ಬೈಕಿನ ಮೇಲೆ, "ಮೀಟಿಂಗಲ್ಲಿ ಯಾರೋ ಹೇಳಿದ್ದನ್ನ ಇನ್ಯಾರೋ ನಂಗೆ ಹೇಳಿದ್ರು ಅಕ್ಕ. ಭಯದಲ್ಲಿ ನಾನೂ ಸ್ವಲ್ಪ ಸೇರಿಸ್ದೆ," ಎಂದರು. ಅವತ್ತು ಸಂಜೆ ಹಳೆಯ ಕಾಗದ ಕಿತ್ತು ಹೊಸದನ್ನು ಅಂಟಿಸಿದೆವು: ಎಲ್ಲರೂ ಗುರುತಿನ ದಾಖಲೆ ತೋರಿಸಬೇಕು. ಸಬ್ ಇನ್‌ಸ್ಪೆಕ್ಟರ್ ತಾವಾಗಿಯೇ ಇನ್ನೊಂದು ಕೆಲಸ ಮಾಡಿದರು. ಶನಿವಾರ ಮುಚ್ಚುವ ಹೊತ್ತಿಗೆ ಸರ್ವಿಸ್ ರೋಡಿನಲ್ಲಿ ಒಂದು ಗಸ್ತು ವಾಹನ ನಿಲ್ಲಿಸಿದರು. ಕೆಲವು ವಾರ ಅದು ತಪ್ಪದೆ ಬಂತು. ಅವರಿಗೆ ವರ್ಗವಾದ ಮೇಲೆ ಒಮ್ಮೆ ಬಂದರೆ ಒಮ್ಮೆ ಇಲ್ಲ.

ನಾನು ಆಕೆಗೆ ಫೋನು ಮಾಡಿ ಬನ್ನಿ ಎಂದೆ. ಶನಿವಾರ ಬಂದಳು. ಮ್ಯಾನೇಜರೇ ಎದುರು ಹೋಗಿ ಸಾರಿ ಹೇಳಿದರು. ಒಳ್ಳೆಯ ಮೇಜು ಕೊಟ್ಟರು, ಸೋಡಾ ಬಂತು. ಆಕೆ ಕುಣಿಯಲು ಏಳಲಿಲ್ಲ. ಒಂದು ಗಂಟೆ ಕೂತು, ಒಂಬತ್ತೂವರೆಗೇ ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಬಳಿ ಬಂದಳು.

"ಹಾಡು ಚೆನ್ನಾಗಿರಲಿಲ್ವಾ?" ಎಂದೆ.

"ಚೆನ್ನಾಗಿತ್ತು. ನೀವು ಕರೆದ್ರಿ ಅಂತ ಬಂದೆ. ಆದ್ರೆ ಒಂದು ಸಲ ಹೊರಗೆ ನಿಲ್ಲಿಸಿದ ಮೇಲೆ, ಒಳಗೆ ಕೂತ್ರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತೆ. ಕಣ್ಣು ಮುಚ್ಚೋಕೆ ಆಗ್ಲಿಲ್ಲ."

ನಿಯಮವನ್ನು ತಿದ್ದಲು ಮೂರು ದಿನ ಸಾಕಾಯಿತು. ಆಕೆಗೆ ಆದದ್ದನ್ನು ತಿದ್ದಲು ನಮ್ಮಿಂದ ಆಗಲಿಲ್ಲ. ಈ ಮಾತನ್ನು ನಾನು ಮ್ಯಾನೇಜರಿಗೂ ಹೇಳಿದೆ, ಅವರು ತಲೆಯಾಡಿಸಿದರು.

ಮಂಗಳವಾರ ತಮ್ಮನನ್ನು ಡಿಸ್ಚಾರ್ಜ್ ಮಾಡಿದರು. ನಾನು ರಜೆ ಹಾಕಿ ಆಸ್ಪತ್ರೆಗೆ ಹೋದೆ. ಅತ್ತೆ ರವೆ ಉಂಡೆ ಕಟ್ಟಿಕೊಟ್ಟಿದ್ದರು. ತಮ್ಮ ಗಾಲಿಕುರ್ಚಿಯಲ್ಲೂ ಎತ್ತರವಾಗಿ ಕಾಣುವ ಆಳು. ನನ್ನನ್ನು ನೋಡಿ, "ನಮ್ಮಕ್ಕನ್ನ ಕಾಯ್ತಿದ್ದೋರು ನೀವೇನಾ? ನಮ್ಮೂರಲ್ಲಿ ಆ ಕೆಲ್ಸ ನಂದು, ಮಾಡಿ ಮಾಡಿ ನಂಗೆ ಸಾಕಾಗಿತ್ತು," ಎಂದು ನಗಿಸಿದ. ಆಕೆ ನನ್ನನ್ನು ಅಪ್ಪಿಕೊಂಡಳು. ಪಾಸ್‌ಪೋರ್ಟುಗಳೆರಡನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೆರಗಿನಂಥ ಮೇಲುಬಟ್ಟೆಯೊಳಗೆ ಸಿಕ್ಕಿಸಿಕೊಂಡಿದ್ದಳು. ಟ್ಯಾಕ್ಸಿ ಏರ್‌ಪೋರ್ಟ್ ರಸ್ತೆಗೆ ಹತ್ತುವವರೆಗೂ ನೋಡುತ್ತ ನಿಂತಿದ್ದೆ.

ಈಗ ನಾನು ಬಾಗಿಲಲ್ಲಿ ನಿಲ್ಲುವುದಿಲ್ಲ. ಯಲಹಂಕದಲ್ಲಿ ಒಂದು ಬಾಡಿಗೆ ಹಾಲಿನಲ್ಲಿ ಈ ಕೆಲಸಕ್ಕೆ ಸೇರುವ ಹೆಂಗಸರಿಗೆ ತರಬೇತಿ ಕೊಡುತ್ತೇನೆ. ಯಾವ ನಿಯಮವಾದರೂ ಸರಿ, ಕೇಳಿದ್ದನ್ನು ನಂಬಬೇಡಿ, ಕಾಗದ ತರಿಸಿ ಓದಿ ಎನ್ನುತ್ತೇನೆ. ಯಾರನ್ನಾದರೂ ವಾಪಸ್ ಕಳಿಸಬೇಕಾಗಿ ಬಂದರೆ, ಅವರು ಹೇಗೆ ಹೋಗುತ್ತಾರೆ ಎಂದು ಕೇಳಿ ಎನ್ನುತ್ತೇನೆ. ಹೋದ ತಿಂಗಳು ಒಬ್ಬಳು, "ಅದೂ ನಮ್ ಡ್ಯೂಟಿನಾ ಮೇಡಮ್?" ಎಂದಳು. ಎಲ್ಲೂ ಬರೆದಿಲ್ಲ ಎಂದು ಒಪ್ಪಿಕೊಂಡೆ.

ಆಕೆ ಆಗಾಗ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ತಮ್ಮ ಕೋಲು ಹಿಡಿದು ಅಂಗಡಿಯವರೆಗೆ ನಡೆಯುತ್ತಾನಂತೆ. ಮೊನ್ನೆ ಶನಿವಾರ, ಆ ಜಾಗ ಇನ್ನೂ ಇದೆಯಾ ಎಂದು ಕೇಳಿದಳು. ಮುಚ್ಚಿಹೋಯಿತು, ಈಗ ಅಲ್ಲಿ ಹಾಸಿಗೆ ಮಾರುವ ಅಂಗಡಿಯಿದೆ ಎಂದು ಹೇಳಿ ಕಳಿಸಿದೆ. ಉತ್ತರವಾಗಿ ಬಂದದ್ದು ಬರೀ ನಗು, ಬಹಳ ಹೊತ್ತು ನಿಲ್ಲದ ನಗು. ಹಿಂದೆ ಎಲ್ಲೋ ಜೋರಾಗಿ ಹಾಡು ಕೇಳಿಸುತ್ತಿತ್ತು.