ಹಸಿರು ಸೀರೆಗೆ ನಾಲ್ಕು ಸೂಜಿ

ಸ್ನೇಹಿತರೇ, ಹೊಲಿಗೆ ಮಷಿನ್ನಿನ ಸೂಜಿ ಯಾವಾಗ ಬದಲಿಸಬೇಕೆಂದು ಇನ್ನು ಮುಂದೆ ನನ್ನನ್ನು ಕೇಳಬೇಡಿ. ಟಕ್ ಟಕ್ ಸದ್ದು ಬಂದರೆ, ಹೊಲಿಗೆ ತಪ್ಪಿದರೆ ಸೂಜಿ ಮೊಂಡಾಗಿದೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ತೀರಿಹೋದ ಅತ್ತೆಯ ಸೀರೆಗಳಿಂದ ಇಂದು ಹೊದೆಯಲು ಕೌದಿ ಹೊಲಿಯುತ್ತಿದ್ದೆ. ಅವರ ಹಸಿರು ಸೀರೆಯ ತುಂಡಿಗೆ ಬಂದೊಡನೆ ಟಕ್ ಟಕ್. ಸೂಜಿ ಬದಲಿಸಿದೆ. ಬೇರೆ ತುಂಡುಗಳ ಮೇಲೆ ಸರಾಗವಾಗಿ ಓಡಿತು, ಹಸಿರಿಗೆ ಬಂದರೆ ಮತ್ತೆ ಅದೇ ಸದ್ದು. ಹೀಗೆ ನಾಲ್ಕು ಸಲ ಬದಲಿಸಿದೆ.

ಕೌದಿಯ ತುದಿ ಹಿಡಿದು ಕೂತಿದ್ದ, ಅತ್ತೆಯ ಓರಗೆಯ ಪಕ್ಕದ ಮನೆ ಗಂಗಕ್ಕ ಕೇಳಿದರು, “ಇದರ ಹೊಟ್ಟಿ ತುಂಬಿಸೀಯೇನ?”

ಕೌದಿ ಹಸಿದಿರಬಾರದೆಂದು ಒಳಗೊಂದು ರೊಟ್ಟಿ ಚೂರು ಇಟ್ಟು ಹೊಲಿಯುವುದು ನಮ್ಮ ಹಳಿಯಾಳದ ಕಡೆಯ ಪದ್ಧತಿ.

“ಮಷಿನ್ ಕೌದಿಗೆ ಎಲ್ಲೀ ಹಸಿವ್ರಿ, ಗಂಗಕ್ಕ? ಇರಿವಿ ಹತ್ತತಾವ” ಎಂದೆ.

“ಅವತ್ತ ನಿಮ್ಮತ್ತಿ ರೊಟ್ಟಿ ಕೇಳಿದಾಗ, ಇದೊಂದ ಹೊಲಿಗಿ ಮುಗಸ್ತೇನಿ ತಡೀರಿ ಅಂದಿದ್ದಿ. ನೀ ಏಳೂದ್ರಾಗ ಆಕಿ ಹೋಗಿದ್ಲು.”

ಗಂಗಕ್ಕ ರೊಟ್ಟಿ ಚೂರು ತಂದು ಹಸಿರು ತುಂಡಿನ ಕೆಳಗೆ ಇಟ್ಟರು. ಪೆಡಲ್ ತುಳಿದೆ. ಸದ್ದಿಲ್ಲ.

ಆಮೇಲೆ ತೆಗೆದಿಟ್ಟ ನಾಲ್ಕೂ ಸೂಜಿಗಳನ್ನು ಉಗುರಿನ ಮೇಲೆ ಎಳೆದು ನೋಡಿದೆ. ಮೊನೆ ಕೆಟ್ಟಿದ್ದರೆ ಗೀರು ಬೀಳುತ್ತದೆ. ಒಂದರಿಂದಲೂ ಬೀಳಲಿಲ್ಲ.

ಕೌದಿ ಈಗ ಮಂಚದ ಮೇಲಿದೆ. ನಾನು ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ರೊಟ್ಟಿ ಕೇಳಿದರೆ ಈ ಸಲ ತಡವಾಗಬಾರದಲ್ಲ.